ಜಪಾನಿನ ಗಾಯಕಿಯರು, ಪಶ್ಚಿಮದ ಗಾಯಕಿಯರು: ರೆಕಾರ್ಡ್ ಮಾರಾಟ ಹೋಲಿಸುವವರಿಗೆ ಸಮಗ್ರ ಮಾರ್ಗದರ್ಶಿ

ಜಪಾನಿನ ಹಮಾಸಾಕಿ ಅಯುಮಿ ಮಾರಿದ್ದು 5 ಕೋಟಿ, ಅಮೆರಿಕದ ಮಡೊನ್ನಾ 30 ಕೋಟಿ. ಹಾಗಾದರೆ ಮಡೊನ್ನಾ ಆರು ಪಟ್ಟು ದೊಡ್ಡವರು. ಪಾಪ್ ಸಂಗೀತ ಇಷ್ಟಪಡುವ ಹುಡುಗ ಹುಡುಗಿಯರು ಮಾಡಿದ ಪಟ್ಟಿಗಳಲ್ಲಿ ಈ ಸಾಲು ಮತ್ತೆ ಮತ್ತೆ ಸಿಗುತ್ತದೆ. ಎರಡೂ ಅಂಕಿ ಎಲ್ಲೋ ಅಚ್ಚಾದವೇ. ಭಾಗಾಕಾರವೂ ಸರಿ. ಆದರೂ ಉತ್ತರ ತಪ್ಪು.

5 ಕೋಟಿ ಅನ್ನುವುದು ಒಂದೇ ದೇಶದ ಅಂಗಡಿಗಳಲ್ಲಿ ಬಿಕರಿಯಾದ ಡಿಸ್ಕ್‌ಗಳ ಎಣಿಕೆ. 30 ಕೋಟಿ ಅನ್ನುವುದು ಇಡೀ ಜಗತ್ತಿನಲ್ಲಿ ಆಲ್ಬಂ, ಒಂದೆರಡು ಹಾಡಿನ ಸಿಂಗಲ್ ಎಲ್ಲ ಸೇರಿಸಿ ಹೇಳುವ ಒಟ್ಟು. ಮಡೊನ್ನಾ ಆಲ್ಬಂಗಳಿಗೆ ಅಮೆರಿಕದಲ್ಲಿ ಸಿಕ್ಕ, ಇಷ್ಟು ಪ್ರತಿ ಹೋಗಿವೆ ಅನ್ನುವ ಅಧಿಕೃತ ಪ್ರಮಾಣಪತ್ರಗಳನ್ನು ಮಾತ್ರ ಕೂಡಿಸಿದರೆ ಸುಮಾರು 6.5 ಕೋಟಿ ಬರುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಮೂರು ಅಂಕಿಗಳು ಮೂರು ಬೇರೆ ವಸ್ತುಗಳನ್ನು ಎಣಿಸಿವೆ, ಅಷ್ಟೇ.

ಹಾಗಾಗಿ ಈ ಕೆಲಸದಲ್ಲಿ ಹುಡುಕುವುದಕ್ಕಿಂತ ವಿಂಗಡಿಸುವುದೇ ಜಾಸ್ತಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿಸಿ ಮೊದಲೇ ಕೂಡಿಸಿಬಿಟ್ಟರೆ ಆಮೇಲೆ ಬಿಡಿಸೋಕೆ ಆಗುವುದಿಲ್ಲ.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಒಂದು ಸ್ಪ್ರೆಡ್‌ಶೀಟ್ ಸಾಕು. ರೂಲ್ ಎಳೆದ ನೋಟ್‌ಬುಕ್ ಆದರೂ ನಡೆಯುತ್ತದೆ.

ಅಂಕಿಗಳಿಗೆ ಐದು ಮೂಲಗಳು ಬೇಕು. ಜಪಾನಿಗೆ ಮಾರಾಟದ ಪಟ್ಟಿ ಪ್ರಕಟಿಸುವ ಒರಿಕಾನ್ ಮತ್ತು ಆರ್‌ಐಎಜೆ. ಆರ್‌ಐಎಜೆ ಅಂದರೆ ಜಪಾನಿನ ರೆಕಾರ್ಡ್ ಕಂಪನಿಗಳ ಸಂಘ. ಅಮೆರಿಕಕ್ಕೆ ಅಲ್ಲಿನ ಸಂಘವಾದ ಆರ್‌ಐಎಎ ಮತ್ತು ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಗೆ ಅಂಕಿ ಕೊಡುವ ಲೂಮಿನೇಟ್. ಇದರ ಹಳೆಯ ಹೆಸರು ಸೌಂಡ್‌ಸ್ಕ್ಯಾನ್. ಬ್ರಿಟನ್ನಿಗೆ ಅಲ್ಲಿನ ಸಂಘವಾದ ಬಿಪಿಐ. ಇವುಗಳ ಜೊತೆಗೆ ಆಯಾ ವರ್ಷದ ಜನಸಂಖ್ಯೆ ಬೇಕು, ಬ್ರೌಸರ್‌ನಲ್ಲಿ ಜಪಾನಿ ಅನುವಾದ ಬೇಕು.

ಜಪಾನಿ ಬಾರದಿದ್ದರೂ ಚಿಂತೆಯಿಲ್ಲ, ಆರು ಪದ ಗೊತ್ತಿದ್ದರೆ ಸಾಕು. ಉರಿಆಗೆ ಅಂದರೆ ಮಾರಾಟ. ಶುಕ್ಕಾ ಅಂದರೆ ಕಂಪನಿಯಿಂದ ಅಂಗಡಿಗೆ ಹೋದ ಸರಕು. ಶೋದೋ ಅಂದರೆ ಮೊದಲ ವಾರದ ಮಾರಾಟ. ರೂಯಿಕೇ ಅಂದರೆ ಈವರೆಗಿನ ಒಟ್ಟು. ಉಳಿದೆರಡು ಮಾನ್ ಮತ್ತು ಓಕು. ಅವಕ್ಕೆ ಒಂದು ಹಂತವನ್ನೇ ಮೀಸಲಿಟ್ಟಿದ್ದೇನೆ.

## ಹಂತ 1: ಪ್ರಶ್ನೆಯನ್ನು ಒಂದು ಸಾಲಿಗೆ ಇಳಿಸಿ

"ಯಾರು ಜಾಸ್ತಿ ಮಾರಿದ್ದಾರೆ?" ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. "ತಮ್ಮ ದೇಶದಲ್ಲಿ ಒಂದು ಆಲ್ಬಂ ಮೊದಲ ವಾರ ಯಾರದ್ದು ಜಾಸ್ತಿ ಹೋಯಿತು?" ಅನ್ನುವುದಕ್ಕೆ ಇದೆ. ಸಾಲಿನಲ್ಲಿ ನಾಲ್ಕು ವಿಷಯ ಇರಲೇಬೇಕು: ಆಲ್ಬಮೋ ಸಿಂಗಲ್ಲೋ, ಯಾವ ದೇಶ, ಎಷ್ಟು ಅವಧಿ, ಏನನ್ನು ಎಣಿಸುತ್ತೀರಿ. ಇದನ್ನು ಹಾಳೆಯ ನೆತ್ತಿಯ ಮೇಲೆ ಬರೆದಿಡಿ. ನಡುವೆ ಸಿಗುವ ಆಕರ್ಷಕ ಅಂಕಿ ಈ ಸಾಲಿಗೆ ಹೊಂದದಿದ್ದರೆ ಬಿಟ್ಟುಬಿಡಿ.

## ಹಂತ 2: ಹೆಸರುಗಳನ್ನು ಸರಿಮಾಡಿಕೊಳ್ಳಿ

ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಉತಾದ ಹಿಕಾರು, ಹಿಕಾರು ಉತಾದ ಇಬ್ಬರೂ ಒಬ್ಬರೇ. ಇಂಗ್ಲಿಷ್ ಆಲ್ಬಂಗಳ ಮೇಲೆ ಬರೀ "ಉತಾದ" ಅಂತ ಇದೆ. ಹಾಗಾಗಿ ಒಂದೇ ಕಡೆ ಹುಡುಕಿದರೆ ಅರ್ಧ ತಪ್ಪಿಹೋಗುತ್ತದೆ. ಮಾತ್ಸುತೋಯಾ ಯುಮಿ ಮದುವೆಗೆ ಮುಂಚೆ ಅರಾಯ್ ಯುಮಿ ಆಗಿದ್ದರು. 1972ರಲ್ಲಿ ಹಾಡೋಕೆ ಶುರುಮಾಡಿದ್ದು ಆ ಹೆಸರಿನಲ್ಲಿ. ಅಮುರೊ ನಾಮಿಯೆ ಮೊದಲು ಸೂಪರ್ ಮಂಕೀಸ್ ಗುಂಪಿನಲ್ಲಿದ್ದರು. ಅದನ್ನು ಸೇರಿಸುತ್ತೀರೋ ಬಿಡುತ್ತೀರೋ ಈಗಲೇ ನಿರ್ಧರಿಸಿ.

ಪಶ್ಚಿಮದವರಲ್ಲೂ ಇದೇ ತೊಡಕು. 1992ರ 'ದಿ ಬಾಡಿಗಾರ್ಡ್' ಸಿನಿಮಾ ಆಲ್ಬಂನಲ್ಲಿ ವಿಟ್ನಿ ಹ್ಯೂಸ್ಟನ್ ಅವರ ಹಾಡು ಆರೇ. ಉಳಿದವು ಬೇರೆಯವರದ್ದು. ಅದನ್ನು ಪೂರ್ತಿ ಅವರ ಲೆಕ್ಕಕ್ಕೆ ಹಾಕುವವರೇ ಹೆಚ್ಚು. ಹಾಕುವುದಾದರೆ ಪಕ್ಕದಲ್ಲಿ ಒಂದು ಟಿಪ್ಪಣಿ ಇರಲಿ.

ಇನ್ನೊಂದು ಮಾತು. ಉತಾದ 2021ರಲ್ಲಿ ತಾವು ನಾನ್‌ಬೈನರಿ, ಅಂದರೆ ಗಂಡು ಹೆಣ್ಣು ಎಂಬ ಎರಡೇ ಚೌಕಟ್ಟಿಗೆ ಸೇರದವರು, ಎಂದು ಹೇಳಿಕೊಂಡರು. ಹಳೆಯ ಮಾರಾಟ ಪಟ್ಟಿಗಳಲ್ಲಿ ಅವರ ಹೆಸರು ಗಾಯಕಿಯರ ಸಾಲಿನಲ್ಲೇ ಇದೆ. ಪಟ್ಟಿಯಲ್ಲಿ ಅವರನ್ನು ಸೇರಿಸುವವರು ಈ ವಿಷಯವನ್ನು ಒಂದು ಸಾಲಿನಲ್ಲಿ ಹೇಳಿಬಿಡುವುದು ಮರ್ಯಾದೆ.

## ಹಂತ 3: ಮಾನ್ ಮತ್ತು ಓಕುವನ್ನು ಲಕ್ಷ ಕೋಟಿಗೆ ತನ್ನಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಜಪಾನಿಗರು ಹತ್ತು ಸಾವಿರದ ಗುಂಪಿನಲ್ಲಿ ಎಣಿಸುತ್ತಾರೆ. ಒಂದು ಮಾನ್ ಅಂದರೆ 10,000. ಒಂದು ಓಕು ಅಂದರೆ 10 ಕೋಟಿ. ನಮ್ಮಲ್ಲಿ ಲಕ್ಷ ಆದ ಮೇಲೆ ದೊಡ್ಡ ಗುಂಪು ಕೋಟಿ. ಅವರಲ್ಲಿ ಮಾನ್ ಆದ ಮೇಲೆ ಓಕು. ಅದಕ್ಕೇ ಓಕುವನ್ನು ಕೋಟಿ ಅಂದುಕೊಂಡು ಹತ್ತು ಪಟ್ಟು ಕಮ್ಮಿ ಬರೆಯುವವರು ಬಹಳ.

ಸುಲಭದ ದಾರಿ ಹೀಗಿದೆ. ಮಾನ್ ಅಂಕಿಯನ್ನು 10ರಿಂದ ಭಾಗಿಸಿ, ಲಕ್ಷ ಸಿಗುತ್ತದೆ. ಉತಾದ ಅವರ 'ಫಸ್ಟ್ ಲವ್' ಒರಿಕಾನ್ ಲೆಕ್ಕದಲ್ಲಿ 765 ಮಾನ್. ಅಂದರೆ 76.5 ಲಕ್ಷ. ಹಮಾಸಾಕಿ ಅವರ 5,000 ಮಾನ್ ಅಂದರೆ 500 ಲಕ್ಷ, ಅದೇ 5 ಕೋಟಿ. ಇಂಗ್ಲಿಷ್ ಮೂಲದಲ್ಲಿ ಮಿಲಿಯನ್ ಇದ್ದರೆ 10ರಿಂದ ಗುಣಿಸಿ, ಲಕ್ಷ ಬರುತ್ತದೆ.

ಎಚ್ಚರಿಕೆಯ ಗುರುತು: ಜಪಾನಿನ ಯಾವುದೇ ಒಂದು ಆಲ್ಬಂಗೆ ಆ ದೇಶದೊಳಗೇ ಕೋಟಿ ದಾಟಿದ ಮಾರಾಟ ಬಂದರೆ ಅಲ್ಲೇ ನಿಲ್ಲಿ. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಆಲ್ಬಮ್ಮೇ 'ಫಸ್ಟ್ ಲವ್'. ಅದಕ್ಕಿಂತ ದೊಡ್ಡದು ಬಂತೆಂದರೆ ಒಂದೋ ಸೊನ್ನೆ ತಪ್ಪಿದೆ, ಇಲ್ಲ ಜಗತ್ತಿನ ಲೆಕ್ಕ ನುಸುಳಿದೆ.

## ಹಂತ 4: ಪ್ರತಿ ಅಂಕಿಗೂ ಆರು ಕಾಲಂ ತುಂಬಿ

ಅಂಕಿ, ದೇಶ, ಅವಧಿ, ಏನು ಎಣಿಸಿದ್ದು, ಯಾರು ಹೇಳಿದ್ದು, ಯಾವ ವರ್ಷ ಹೇಳಿದ್ದು. ಈ ಆರರಲ್ಲಿ ಒಂದು ಖಾಲಿ ಇದ್ದರೂ ಆ ಸಾಲನ್ನು ಹೋಲಿಕೆಗೆ ತರಬೇಡಿ.

'ಫಸ್ಟ್ ಲವ್' ಸಾಲನ್ನು ತುಂಬಿ ನೋಡೋಣ. 76.5 ಲಕ್ಷ. ಜಪಾನ್. 10 ಮಾರ್ಚ್ 1999ರಂದು ಬಿಡುಗಡೆಯಾದಾಗಿನಿಂದ. ಅಂಗಡಿ ಮಾರಾಟ. ಒರಿಕಾನ್. ಕೊನೆಯದು ನಿಮ್ಮ ಮೂಲದ ವರ್ಷ. ಇದೇ ಆಲ್ಬಂಗೆ ಕೋಟಿಯ ಆಸುಪಾಸಿನ ಅಂಕಿಯೂ ಓಡಾಡುತ್ತದೆ. ಅದು ಜಪಾನಿನ ಹೊರಗಿನದನ್ನೂ ಸೇರಿಸಿ ಹೇಳುವುದು. ಅದಕ್ಕೆ ಬೇರೆ ಸಾಲು ಕೊಡಿ. ಎರಡನ್ನೂ ಒಂದೇ ಚೌಕದಲ್ಲಿ ತುರುಕಿ, ನಡುವೆ ಗೆರೆ ಎಳೆದು "76.5 ಲಕ್ಷದಿಂದ 1 ಕೋಟಿ" ಅಂತ ಬರೆಯಬೇಡಿ. ಹಾಗೆ ಬರೆದರೆ ಓದುವವರಿಗೆ ಅದು ಅಂದಾಜಿನ ವ್ಯತ್ಯಾಸದಂತೆ ಕಾಣುತ್ತದೆ. ನಿಜಕ್ಕೂ ಅವು ಎರಡು ಬೇರೆ ಲೆಕ್ಕ.

## ಹಂತ 5: ಮಾರಾಟ, ಸರಕು, ಪ್ರಮಾಣಪತ್ರ, ಹೇಳಿಕೆ: ನಾಲ್ಕು ರಾಶಿ ಮಾಡಿ

ಮಾರಾಟ. ಒರಿಕಾನ್ ಅಂಗಡಿಗಳಿಂದ ವರದಿ ತರಿಸಿಕೊಂಡು ವಾರದ ಮಾರಾಟ ಲೆಕ್ಕ ಹಾಕುತ್ತದೆ. ಸಿಂಗಲ್ಸ್ ಪಟ್ಟಿ ಶುರುವಾಗಿದ್ದು 1968ರಲ್ಲಿ. ಮಿಸೋರಾ ಹಿಬಾರಿ ಅವರ ಮೊದಲ ರೆಕಾರ್ಡ್ ಬಂದಿದ್ದು 1949ರಲ್ಲಿ. ಅವರು ಉತ್ತುಂಗದಲ್ಲಿದ್ದ ವರ್ಷಗಳಲ್ಲಿ ಈ ಪಟ್ಟಿಯೇ ಇರಲಿಲ್ಲ. ಒರಿಕಾನ್ ನೋಡಿ "ಹಿಬಾರಿ ಅಷ್ಟೇನೂ ಮಾರಿಲ್ಲ" ಅಂದರೆ ಅದು ದೊಡ್ಡ ಅನ್ಯಾಯ. 1980ರ ದಶಕದ ಮಾತ್ಸುದಾ ಸೇಕೊ ಅಂಥವರ ಆಲ್ಬಂ ನೋಡುವಾಗ ಎಲ್‌ಪಿ, ಕ್ಯಾಸೆಟ್, ಸಿಡಿಗೆ ಬೇರೆ ಬೇರೆ ಪಟ್ಟಿ ಇದ್ದವು ಅನ್ನುವುದು ನೆನಪಿರಲಿ. ಎಲ್‌ಪಿ ಅಂಕಿ ಒಂದನ್ನೇ ತೆಗೆದುಕೊಂಡರೆ ಕಮ್ಮಿ ಬರುತ್ತದೆ.

ಅಮೆರಿಕದಲ್ಲಿ ಬಾರ್‌ಕೋಡ್ ಎಣಿಸುವ ಸೌಂಡ್‌ಸ್ಕ್ಯಾನ್ ಬಂದಿದ್ದು 1991ರಲ್ಲಿ. ಅದಕ್ಕೆ ಮುಂಚಿನ ಅಮೆರಿಕದ ವಾರದ ಮಾರಾಟ ಅಂತ ಯಾರಾದರೂ ನಿಖರ ಅಂಕಿ ಕೊಟ್ಟರೆ ಅನುಮಾನಪಡಿ.

ಸರಕು. ಆರ್‌ಐಎಜೆ, ಆರ್‌ಐಎಎ ಎರಡೂ ಡಿಸ್ಕ್‌ಗಳ ವಿಷಯದಲ್ಲಿ ಅಂಗಡಿಗೆ ಕಳಿಸಿದ ಪ್ರತಿಗಳನ್ನು ನೋಡುತ್ತವೆ. ಇದು ಸಾಮಾನ್ಯವಾಗಿ ಮಾರಾಟಕ್ಕಿಂತ ಜಾಸ್ತಿ ಇರುತ್ತದೆ. ಕಾರಣ ಬರೀ ಅಂಗಡಿಯಲ್ಲಿ ಉಳಿದ ಪ್ರತಿಗಳಲ್ಲ. ಶನಾಯಾ ಟ್ವೇನ್ ಅವರ 1997ರ 'ಕಮ್ ಆನ್ ಓವರ್'ಗೆ ಆರ್‌ಐಎಎ 2004ರಲ್ಲೇ 2 ಕೋಟಿ ಒಪ್ಪಿತ್ತು. ಸೌಂಡ್‌ಸ್ಕ್ಯಾನ್ ಲೆಕ್ಕ ಒಂದೂವರೆ ಕೋಟಿ ಚಿಲ್ಲರೆ. ಆ ಕಾಲದಲ್ಲಿ ಅಮೆರಿಕನ್ನರು ಅಂಚೆ ಮೂಲಕ ಸಿಡಿ ಕಳಿಸುವ ಮ್ಯೂಸಿಕ್ ಕ್ಲಬ್‌ಗಳಿಂದ ತುಂಬಾ ಕೊಳ್ಳುತ್ತಿದ್ದರು. ಆ ಪ್ರತಿಗಳು ಸೌಂಡ್‌ಸ್ಕ್ಯಾನ್‌ಗೆ ಸೇರುತ್ತಿರಲಿಲ್ಲ.

ಪ್ರಮಾಣಪತ್ರ. ಪ್ಲಾಟಿನಂ ಅನ್ನುವ ಪದ ಎಲ್ಲ ದೇಶದಲ್ಲೂ ಒಂದೇ, ಅಳತೆ ಬೇರೆ. ಅಮೆರಿಕದಲ್ಲಿ ಆಲ್ಬಂ ಪ್ಲಾಟಿನಂ 10 ಲಕ್ಷ. ಬ್ರಿಟನ್ನಿನಲ್ಲಿ 3 ಲಕ್ಷ. ಜಪಾನಿನಲ್ಲಿ ಈಗ 2.5 ಲಕ್ಷ. ಹಾಗಾಗಿ ಟ್ರಿಪಲ್ ಪ್ಲಾಟಿನಂ ಅಂದರೆ ಅಮೆರಿಕದಲ್ಲಿ 30 ಲಕ್ಷ, ಜಪಾನಿನಲ್ಲಿ ಏಳೂವರೆ ಲಕ್ಷ. ಜಪಾನಿನಲ್ಲಿ 10 ಲಕ್ಷಕ್ಕೆ "ಮಿಲಿಯನ್" ಅಂತಲೇ ಪ್ರತ್ಯೇಕ ದರ್ಜೆ ಇದೆ.

ಇನ್ನೂ ಒಂದು ಹೊಂಡ ಇದೆ. ಜಪಾನ್ 2003ರ ಜುಲೈನಲ್ಲಿ ಅಳತೆ ಬದಲಿಸಿತು. ಅದಕ್ಕೆ ಮುಂಚೆ ಅಲ್ಲಿನ ಕಲಾವಿದರ ಆಲ್ಬಂಗೆ ಗೋಲ್ಡ್ 2 ಲಕ್ಷ, ಪ್ಲಾಟಿನಂ 4 ಲಕ್ಷ ಇತ್ತು. ಹೊರದೇಶದವರಿಗೆ ಅದರ ಅರ್ಧ ಸಾಕಿತ್ತು. 1990ರ ದಶಕದ ಜಪಾನಿ ಗಾಯಕಿಯ ಪ್ಲಾಟಿನಂ ಮತ್ತು ಅದೇ ವರ್ಷ ಜಪಾನಿನಲ್ಲೇ ಪಶ್ಚಿಮದ ಗಾಯಕಿಗೆ ಸಿಕ್ಕ ಪ್ಲಾಟಿನಂ ಒಂದೇ ತೂಕದ್ದಲ್ಲ. ಪ್ರಮಾಣಪತ್ರದ ತಾರೀಖು ನೋಡದೆ ಗುಣಾಕಾರ ಮಾಡಲೇಬೇಡಿ.

ಹೇಳಿಕೆ. "ಜಗತ್ತಿನಾದ್ಯಂತ ಇಷ್ಟು ಕೋಟಿ ರೆಕಾರ್ಡ್" ಅನ್ನುವ ಸಾಲುಗಳೆಲ್ಲ ಈ ರಾಶಿಗೆ. ಇಲ್ಲಿ ಬರುವ "ರೆಕಾರ್ಡ್" ಅನ್ನುವ ಪದವನ್ನು ಎರಡು ಸಲ ಓದಿ. ಅದರಲ್ಲಿ ಆಲ್ಬಂ, ಸಿಂಗಲ್, ಡೌನ್‌ಲೋಡ್, ಕೆಲವೊಮ್ಮೆ ವಿಡಿಯೊ ಕೂಡ ಸೇರಿರುತ್ತದೆ. ಈ ರಾಶಿಯನ್ನು ಉಳಿದ ಮೂರರ ಜೊತೆ ಯಾವತ್ತೂ ಬೆರೆಸಬೇಡಿ.

## ಹಂತ 6: ಸ್ಟ್ರೀಮಿಂಗ್ ಸೋಸಿ ತೆಗೆಯಿರಿ

ಬಿಲ್‌ಬೋರ್ಡ್ ಆಲ್ಬಂ ಪಟ್ಟಿ 2014ರ ಡಿಸೆಂಬರ್‌ನಿಂದ ಸ್ಟ್ರೀಮಿಂಗ್ ಸೇರಿಸಿ "ಯೂನಿಟ್" ಎಣಿಸುತ್ತಿದೆ. ಆರ್‌ಐಎಎ ಆಲ್ಬಂ ಪ್ರಮಾಣಪತ್ರಕ್ಕೆ 2016ರ ಫೆಬ್ರವರಿಯಿಂದ 1,500 ಸ್ಟ್ರೀಮ್‌ಗಳನ್ನು ಒಂದು ಆಲ್ಬಂ ಅಂತ ಹಿಡಿಯಿತು. ಜಪಾನಿನ ಆರ್‌ಐಎಜೆ ಹೀಗೆ ಕಲಸಲಿಲ್ಲ. 2020ರಿಂದ ಸ್ಟ್ರೀಮಿಂಗ್‌ಗೆ ಬೇರೆಯದೇ ಪ್ರಮಾಣಪತ್ರ ಕೊಡುತ್ತಿದೆ, ಅಲ್ಲಿ ಪ್ಲಾಟಿನಂ ಅಂದರೆ 10 ಕೋಟಿ ಸ್ಟ್ರೀಮ್.

ಟೇಲರ್ ಸ್ವಿಫ್ಟ್ ಅವರ 'ದಿ ಲೈಫ್ ಆಫ್ ಎ ಶೋಗರ್ಲ್' 2025ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಮೊದಲ ವಾರ 40 ಲಕ್ಷ ಯೂನಿಟ್ ದಾಟಿತು. ದುಡ್ಡು ಕೊಟ್ಟು ಕೊಂಡ ಪ್ರತಿಗಳು ಸುಮಾರು 34.8 ಲಕ್ಷ. ಹಳೆಯ ಆಲ್ಬಂ ಜೊತೆ ಹೋಲಿಸುವಾಗ ಎರಡನೆಯದನ್ನೇ ತೆಗೆದುಕೊಳ್ಳಿ.

ಜಪಾನಿನ 2000ದ ದಶಕದ ಡೌನ್‌ಲೋಡ್ ಅಂಕಿಗಳಲ್ಲೂ ಕಣ್ಣಿರಲಿ. ಆಗ ಅಲ್ಲಿ ಮೊಬೈಲ್ ರಿಂಗ್‌ಟೋನ್ ಆಗಿ ಹಾಡಿನ ತುಣುಕು ಮಾರುವ ವ್ಯಾಪಾರ ಜೋರಾಗಿತ್ತು. ಒಂದೇ ಹಾಡಿಗೆ ತುಣುಕು, ಪೂರ್ತಿ ಹಾಡು, ಕಂಪ್ಯೂಟರ್ ಡೌನ್‌ಲೋಡ್ ಎಲ್ಲ ಕೂಡಿಸಿ ಒಂದು ದೊಡ್ಡ ಸಂಖ್ಯೆ ಹೇಳುತ್ತಿದ್ದರು.

## ಹಂತ 7: ಆಲ್ಬಂ ಮತ್ತು ಸಿಂಗಲ್ ಬೇರೆ ಮಾಡಿ, ಡಿಸ್ಕ್ ಎಣಿಸಿ

ಜಪಾನಿನಲ್ಲಿ ಸಿಂಗಲ್ ಸಿಡಿ ಒಂದು ಗಟ್ಟಿ ವ್ಯಾಪಾರ. ಅಮುರೊ ನಾಮಿಯೆ ಅವರ 1997ರ 'ಕ್ಯಾನ್ ಯು ಸೆಲೆಬ್ರೇಟ್?' ಸುಮಾರು 22.9 ಲಕ್ಷ ಹೋಗಿದೆ. ಹಮಾಸಾಕಿ ಅವರ 5 ಕೋಟಿಯಲ್ಲಿ ಸಿಂಗಲ್ಸ್ ಪಾಲೇ 2 ಕೋಟಿಗೂ ಹೆಚ್ಚು. ಅದೇ ವರ್ಷಗಳಲ್ಲಿ ಅಮೆರಿಕದ ಕಂಪನಿಗಳು ಜನ ಪೂರ್ತಿ ಆಲ್ಬಂ ಕೊಳ್ಳಲಿ ಅಂತ ಎಷ್ಟೋ ಹಿಟ್ ಹಾಡುಗಳನ್ನು ಸಿಂಗಲ್ ಆಗಿ ಅಂಗಡಿಗೆ ಬಿಡುತ್ತಲೇ ಇರಲಿಲ್ಲ. ಅಂಥ ಹಾಡಿಗೆ ಬಿಲ್‌ಬೋರ್ಡ್ ಹಾಡುಗಳ ಪಟ್ಟಿ ಹಾಟ್ 100ರಲ್ಲಿ ಜಾಗ ಸಿಕ್ಕಿದ್ದು 1998ರ ಡಿಸೆಂಬರ್‌ನಿಂದ. ಆದ್ದರಿಂದ ಆ ಕಾಲದ ಸಿಂಗಲ್ ಮಾರಾಟ ಹೋಲಿಸಿದರೆ ಜಪಾನಿ ಗಾಯಕಿಯರು ಸುಮ್ನೆ ಗೆದ್ದುಬಿಡುತ್ತಾರೆ. ಆ ಗೆಲುವಿಗೆ ಅರ್ಥವಿಲ್ಲ.

ಡಿಸ್ಕ್ ಎಣಿಕೆಯ ವಿಷಯ ಚಿಕ್ಕದು, ಪೆಟ್ಟು ದೊಡ್ಡದು. ಆರ್‌ಐಎಎ 100 ನಿಮಿಷ ಮೀರಿದ ಜೋಡಿ ಡಿಸ್ಕ್ ಆಲ್ಬಂ ಅನ್ನು ಎರಡು ಅಂತ ಎಣಿಸುತ್ತದೆ. ಒರಿಕಾನ್ ಒಂದು ಪೆಟ್ಟಿಗೆಗೆ ಒಂದೇ ಎಣಿಸುತ್ತದೆ. ಅಮುರೊ 2018ರಲ್ಲಿ ನಿವೃತ್ತರಾಗುವ ಮುನ್ನ ತಂದ 'ಫೈನಲಿ'ಯಲ್ಲಿ 3 ಸಿಡಿ, 52 ಹಾಡು. ಒರಿಕಾನ್‌ನಲ್ಲಿ 20 ಲಕ್ಷ ದಾಟಿತು. ಡಿಸ್ಕ್ ಲೆಕ್ಕದಲ್ಲಿ ಅದು 60 ಲಕ್ಷ.

ಗುಂಪುಗಳನ್ನು ಈ ಹೋಲಿಕೆಯಿಂದ ಹೊರಗಿಡಿ. ಎಕೆಬಿ48 ಎಂಬ ಗಾಯಕಿಯರ ಗುಂಪಿನ ಸಿಡಿಗಳ ಜೊತೆ ಕೈಕುಲುಕುವ ಟಿಕೆಟ್, ನೆಚ್ಚಿನ ಸದಸ್ಯೆಗೆ ಮತ ಹಾಕುವ ಚೀಟಿ ಬರುತ್ತಿದ್ದವು. ಒಬ್ಬ ಅಭಿಮಾನಿಯೇ ಹತ್ತಾರು ಪ್ರತಿ ಕೊಳ್ಳುತ್ತಿದ್ದ. ಒಬ್ಬಳೇ ಹಾಡಿದ ಗಾಯಕಿಯ ಅಂಕಿಯನ್ನು ಅದರ ಪಕ್ಕ ಇಡಬಾರದು. ಹಾಗಂತ ಪಶ್ಚಿಮ ಇದಕ್ಕೆ ಹೊರತು ಅಂದುಕೊಳ್ಳಬೇಡಿ. ಸ್ವಿಫ್ಟ್ ಅವರ ಆಲ್ಬಂಗಳೂ ಬೇರೆ ಬೇರೆ ಮುಖಪುಟ, ಬೇರೆ ಬಣ್ಣದ ವಿನೈಲ್‌ಗಳಲ್ಲಿ ಬರುತ್ತವೆ. ಒಬ್ಬರೇ ಹಲವು ಕೊಳ್ಳುತ್ತಾರೆ.

ಬಾಡಿಗೆಯೂ ಇದೆ. ಜಪಾನಿನಲ್ಲಿ 1980ರ ದಶಕದಿಂದ ಸಿಡಿ, ರೆಕಾರ್ಡ್ ಬಾಡಿಗೆ ಅಂಗಡಿಗಳು ಬೀದಿಬೀದಿಯಲ್ಲಿ ಇದ್ದವು. ಅಮೆರಿಕ 1984ರಲ್ಲೇ ಕಾನೂನು ತಂದು ಆ ವ್ಯಾಪಾರಕ್ಕೆ ತಡೆ ಹಾಕಿತು. ಬಾಡಿಗೆಗೆ ತಂದು ಕೇಳಿದವರು ಯಾವ ಪಟ್ಟಿಗೂ ಸಿಗುವುದಿಲ್ಲ. ಇದಕ್ಕೆ ತಿದ್ದುಪಡಿ ಲೆಕ್ಕ ಹಾಕಲು ಹೋಗಬೇಡಿ, ಟಿಪ್ಪಣಿ ಸಾಕು.

## ಹಂತ 8: ಈಗ ಹೋಲಿಸಿ (ಮಾದರಿ ಲೆಕ್ಕ)

28 ಮಾರ್ಚ್ 2001, ಬುಧವಾರ. ಅವತ್ತು ಉತಾದ ಅವರ 'ಡಿಸ್ಟನ್ಸ್', ಹಮಾಸಾಕಿ ಅವರ 'ಎ ಬೆಸ್ಟ್' ಒಂದೇ ದಿನ ಬಂದವು. ಒರಿಕಾನ್ ಮೊದಲ ವಾರ: 'ಡಿಸ್ಟನ್ಸ್' 30,02,720. 'ಎ ಬೆಸ್ಟ್' 28,74,870. ಇದರ ಪಕ್ಕ ಅಡೆಲ್ ಅವರ '25' ಇಡೋಣ. 20 ನವೆಂಬರ್ 2015ರಂದು ಬಂದ ಅದು ಅಮೆರಿಕದಲ್ಲಿ ಮೊದಲ ವಾರ ಸುಮಾರು 33.8 ಲಕ್ಷ, ಬ್ರಿಟನ್ನಿನಲ್ಲಿ 8,00,307 ಮಾರಾಟವಾಯಿತು. ಎಲ್ಲವೂ ಮಾರಾಟದ ರಾಶಿಯವು, ಎಲ್ಲವೂ ಆಲ್ಬಂ, ಸ್ಟ್ರೀಮಿಂಗ್ ಇಲ್ಲ. ಹೋಲಿಸಬಹುದು.

ಮೊದಲು ದಿನ ಎಣಿಸಿ. ಒರಿಕಾನ್ ವಾರ ಸೋಮವಾರದಿಂದ ಭಾನುವಾರ. ಬುಧವಾರ ಬಂದ ಆಲ್ಬಂಗೆ ಸಿಕ್ಕಿದ್ದು 5 ದಿನ. ಅಂಗಡಿಗಳು ಹಿಂದಿನ ದಿನವೇ ಮಾರಾಟಕ್ಕಿಟ್ಟರೆ 6. ಅಮೆರಿಕದಲ್ಲಿ 2015ರ ಜುಲೈ ಆದ ಮೇಲೆ ವಾರ ಅಂದರೆ ಶುಕ್ರವಾರದಿಂದ ಗುರುವಾರ. ಅಡೆಲ್‌ಗೆ ಪೂರ್ತಿ 7 ದಿನ ಸಿಕ್ಕಿತು.

ಆಮೇಲೆ ಜನಸಂಖ್ಯೆ. 2001ರ ಜಪಾನ್ ಸುಮಾರು 12.7 ಕೋಟಿ. 'ಡಿಸ್ಟನ್ಸ್' ಮೊದಲ ವಾರದಲ್ಲೇ 42 ಜನಕ್ಕೆ ಒಂದರಂತೆ ಹೋಗಿದೆ. 2015ರ ಅಮೆರಿಕ ಸುಮಾರು 32 ಕೋಟಿ. '25' ಅಲ್ಲಿ 95 ಜನಕ್ಕೆ ಒಂದು. ಬ್ರಿಟನ್ 6.5 ಕೋಟಿ, ಅಲ್ಲಿ 81 ಜನಕ್ಕೆ ಒಂದು.

ನಿಲ್ಲಿ, ಇನ್ನೂ ತೀರ್ಪು ಬರೆಯಬೇಡಿ. 2001 ಸಿಡಿಯ ಕಾಲ. 2015ರ ಹೊತ್ತಿಗೆ ಜನ ಡಿಸ್ಕ್ ಕೊಳ್ಳುವುದನ್ನೇ ಬಿಡುತ್ತಿದ್ದರು. ಅಂಥ ಹೊತ್ತಿನಲ್ಲಿ 33.8 ಲಕ್ಷ ಬಂದಿದೆ. 'ಎ ಬೆಸ್ಟ್' ಹಳೆಯ ಹಾಡುಗಳ ಸಂಗ್ರಹ, ಉಳಿದೆರಡು ಹೊಸ ಹಾಡುಗಳ ಆಲ್ಬಂ. ಈ ಎರಡು ಮಾತನ್ನೂ ಲೆಕ್ಕದ ಕೆಳಗೇ ಬರೆಯಬೇಕು, ಅಲ್ವಾ?

## ಹಂತ 9: ಎದುರು ದಿಕ್ಕಿನ ಮಾರುಕಟ್ಟೆ ನೋಡಿ

ಇದನ್ನು ಮರೆಯುವವರೇ ಹೆಚ್ಚು. ಪಶ್ಚಿಮದ ಗಾಯಕಿಯರು ಜಪಾನಿನಲ್ಲಿ ಚೆನ್ನಾಗಿ ಮಾರಿದ್ದಾರೆ. ಮರಾಯಾ ಕ್ಯಾರಿ ಅವರ 1998ರ 'ನಂಬರ್ ಒನ್ಸ್' ಅಲ್ಲಿ ಆರ್‌ಐಎಜೆಯಿಂದ ಮೂರು ಪಟ್ಟು "ಮಿಲಿಯನ್", ಅಂದರೆ 30 ಲಕ್ಷದ ಪ್ರಮಾಣಪತ್ರ ಪಡೆಯಿತು. ಸೆಲಿನ್ ಡಿಯಾನ್ ಅವರ 'ಟು ಲವ್ ಯು ಮೋರ್' 1995ರಲ್ಲಿ ಒರಿಕಾನ್ ಸಿಂಗಲ್ಸ್ ಪಟ್ಟಿಯ ತುದಿಗೇರಿ 10 ಲಕ್ಷ ದಾಟಿತು. ಉಲ್ಟಾ ದಿಕ್ಕಿನಲ್ಲಿ ಉತಾದ ಅವರ 2004ರ ಇಂಗ್ಲಿಷ್ ಆಲ್ಬಂ 'ಎಕ್ಸೋಡಸ್' ಬಿಲ್‌ಬೋರ್ಡ್ 200 ಎಂಬ ಆಲ್ಬಂ ಪಟ್ಟಿಯಲ್ಲಿ 160ನೇ ಸ್ಥಾನಕ್ಕೆ ನಿಂತಿತು.

ಅಂದರೆ ಜಾಗತಿಕ ಒಟ್ಟು ಹೋಲಿಸಿದರೆ ಜಪಾನಿನವರು ಹೆಚ್ಚುಕಡಿಮೆ ಯಾವಾಗಲೂ ಹಿಂದೆ. ಊರ ಮಾರುಕಟ್ಟೆ ಹೋಲಿಸಿದರೆ ಎಷ್ಟೋ ಸಲ ಮುಂದೆ. ಎರಡು ಪ್ರಶ್ನೆಗೂ ಎರಡು ಕೋಷ್ಟಕ ಮಾಡಿ. ಒಂದರಲ್ಲೇ ಮುಗಿಸಲು ಹೋಗಬೇಡಿ.

## ಹಂತ 10: ಫಲಿತಾಂಶ ಬರೆಯುವ ರೀತಿ

ತಪ್ಪು ಸಾಲು: "ಉತಾದ ಅಡೆಲ್‌ಗಿಂತ ಜನಪ್ರಿಯ."

ಸರಿಯಾದ ಸಾಲು: "ಮೊದಲ ವಾರದ ಮಾರಾಟದಲ್ಲಿ '25' ಅಮೆರಿಕದಲ್ಲಿ 'ಡಿಸ್ಟನ್ಸ್' ಜಪಾನಿನಲ್ಲಿ ಮಾರಿದ್ದಕ್ಕಿಂತ ಸುಮಾರು 3.8 ಲಕ್ಷ ಜಾಸ್ತಿ ಮಾರಿತು. ಜನಸಂಖ್ಯೆಗೆ ಹೋಲಿಸಿದರೆ 'ಡಿಸ್ಟನ್ಸ್' ಎರಡು ಪಟ್ಟಿಗೂ ಮುಂದೆ. ಎರಡರ ನಡುವೆ 14 ವರ್ಷ ಇದೆ."

ಬರೆದಾದ ಮೇಲೆ ಇವು ನುಸುಳಿವೆಯಾ ಅಂತ ಒಮ್ಮೆ ನೋಡಿ:

- ಕೊನೆಯಲ್ಲಿ ಬರೀ ಸೊನ್ನೆಗಳಿರುವ ದುಂಡು ಅಂಕಿ, ಪಕ್ಕದಲ್ಲಿ ದೇಶದ ಹೆಸರಿಲ್ಲ. ಅದು ಹೇಳಿಕೆ.
- ಸ್ಟ್ರೀಮಿಂಗ್ ಬಂದ ಮೇಲೆ ಹಳೆಯ ಆಲ್ಬಮ್ಮಿನ ಅಂಕಿ ದಿಢೀರನೆ ಏರಿದೆ. ಯೂನಿಟ್ ಸೇರಿದೆ.
- ಒರಿಕಾನ್ ಅಂಕಿಗಿಂತ ಆರ್‌ಐಎಜೆ ಅಂಕಿ ತುಂಬಾ ಕಮ್ಮಿ. ಪ್ಲಾಟಿನಂ ಅಳತೆ ತಪ್ಪು ಹಿಡಿದಿದ್ದೀರಿ, ಇಲ್ಲವೇ ಪ್ರಮಾಣಪತ್ರ ಹಳೆಯದು.
- ಹತ್ತು ಕಡೆ ಒಂದೇ ಅಂಕಿ, ಹತ್ತರಲ್ಲೂ ಒಂದೇ ವಾಕ್ಯ. ಒಬ್ಬರಿಂದ ಒಬ್ಬರು ನಕಲು ಮಾಡಿದ್ದಾರೆ. ಅದನ್ನು ಒಂದೇ ಮೂಲ ಅಂತ ಎಣಿಸಿ, ಮೊದಲು ಹೇಳಿದವರು ಯಾರೆಂದು ಸಿಗುವವರೆಗೆ ಆ ಚೌಕ ಖಾಲಿ ಬಿಡಿ.